ಒಮ್ಮೆ ಹೊರಗಿನವರು ನೋಡಲಿ



ಈ ಸಮ್ಮೇಳನದ ಅಧ್ಯಕ್ಷತೆಯನ್ನು ಅರಿವಳಿಕೆ ವೈದ್ಯನೊಬ್ಬನಿಗೆ ವಹಿಸಿದ್ದೀರಿ. ಎದುರಿಗಿರುವವರಿಗೆ ನಿದ್ದೆ ಬರಿಸುವುದೇ ನನ್ನ ಕಸುಬು. ಇವತ್ತು ಮಾತ್ರ ಹಾಗಾಗದಿರಲಿ.

ನಾನು ಮಾತನಾಡಬೇಕೆಂದಿರುವುದು ಆಪರೇಷನ್ ಥಿಯೇಟರಿನಿಂದ ಐಸಿಯು ಹಾಸಿಗೆಗೆ ರೋಗಿಯನ್ನು ಒಪ್ಪಿಸುವ, ಹ್ಯಾಂಡೋವರ್ ಎಂದು ನಾವು ಕರೆಯುವ, ಆ ಕೆಲವು ನಿಮಿಷಗಳ ಬಗ್ಗೆ. ಹೃದಯದ ಶಸ್ತ್ರಚಿಕಿತ್ಸೆಯಾದ ಮಗುವೊಂದನ್ನು ನೆನೆಯಿರಿ. ವೆಂಟಿಲೇಟರ್, ಮಾನಿಟರ್, ಸಿರಿಂಜ್ ಪಂಪು, ಡ್ರೈನು ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಒಳಗೆ ಏನೇನು ನಡೆಯಿತೆಂದು ಹೇಳಲೂಬೇಕು. ಸರ್ಜನ್ನರು ತಮ್ಮದು ಮುಗಿಯಿತು ಅಂದುಕೊಂಡಿರುತ್ತಾರೆ. ಐಸಿಯುನವರು ತಮ್ಮದಿನ್ನೂ ಶುರುವಾಗಿಲ್ಲ ಅಂದುಕೊಂಡಿರುತ್ತಾರೆ. ನಡುವಿನದಕ್ಕೆ ವಾರಸುದಾರರಿಲ್ಲ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಸರ್ಜನ್ ಮಾರ್ಟಿನ್ ಎಲಿಯಟ್ ಮತ್ತು ಐಸಿಯು ವೈದ್ಯ ಆಲನ್ ಗೋಲ್ಡ್‌ಮನ್, ಟೀವಿಯಲ್ಲಿ ಫಾರ್ಮುಲಾ ಒನ್ ರೇಸು ನೋಡುವಾಗ ಇದೇ ವಿಷಯಕ್ಕೆ ಬಂದು ಮುಟ್ಟಿದರು. ಕಾರು ಬಂದು ನಿಂತೊಡನೆ ಸುತ್ತ ಮುತ್ತುವ ಜನ, ಚಕ್ರ, ಇಂಧನ, ಆದರೂ ಗಲಿಬಿಲಿಯಿಲ್ಲ. ನೋಡಿ ಸುಮ್ಮನಾಗಲಿಲ್ಲ ಅವರು. ಫೆರಾರಿ ತಂಡದವರನ್ನು ಕಂಡು ತಮ್ಮ ಹ್ಯಾಂಡೋವರಿನ ವಿಡಿಯೊ ತೋರಿಸಿದರು. ಇಲ್ಲಿ ಕೆಲಸ ನಡೆಸುವವರು ಯಾರೆಂದೇ ತಿಳಿಯುವುದಿಲ್ಲವಲ್ಲ ಎಂಬುದು ರೇಸಿನವರ ಕಣ್ಣಿಗೆ ಬಿತ್ತು. ಅವರಲ್ಲಾದರೆ ಕಾರಿನ ಮುಂದೆ ಫಲಕ ಹಿಡಿದು ನಿಂತ ಒಬ್ಬನಿರುತ್ತಿದ್ದ. ಅವನು ಅನುಮತಿಸದೆ ಕಾರು ಕದಲುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಆ ಫಲಕ ಸಿಕ್ಕಿದ್ದು ಅರಿವಳಿಕೆ ವೈದ್ಯರಿಗೆ. (ನಮ್ಮವರಿಗೆ ಅಂತ ಖುಷಿಯಿಂದಲೇ ಹೇಳುತ್ತಿದ್ದೇನೆ.) ವಿಮಾನ ಪೈಲಟ್‌ಗಳಿಗೆ ತರಬೇತಿ ಕೊಡುವವರನ್ನೂ ಕೇಳಿಕೊಂಡರು. ಮೊದಲು ಉಪಕರಣ, ಆಮೇಲೆ ಮಾಹಿತಿ, ಕೊನೆಗೆ ಚರ್ಚೆ ಎಂಬ ಕ್ರಮ ಬಂತು.

ಈ ಬದಲಾವಣೆಯ ಬಗೆಗಿನ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದು ಹ್ಯಾಂಡೋವರಿಗೆ ಸರಾಸರಿ 5.42 ಇದ್ದ ತಾಂತ್ರಿಕ ದೋಷಗಳು 3.15ಕ್ಕೆ, ಹೇಳದೆ ಬಿಟ್ಟುಹೋದ ಮಾಹಿತಿ 2.09ರಿಂದ 1.07ಕ್ಕೆ ಇಳಿದಿದ್ದವು. ನೋಡಿದ್ದು ಒಟ್ಟು 50 ಹ್ಯಾಂಡೋವರು ಮಾತ್ರ. ಚಿಕ್ಕ ಅಧ್ಯಯನ ಅನ್ನುವುದು ನೆನಪಿರಲಿ. ರೇಸಿನವರಿಂದ ವೈದ್ಯರು ಕಲಿತದ್ದು ವೇಗ ಎಂದು ಈ ಕತೆ ಹೇಳುವವರು ಸೇರಿಸಿಬಿಡುತ್ತಾರೆ. ಸಮಯ 10.8 ನಿಮಿಷದಿಂದ 9.4ಕ್ಕೆ ಬಂದದ್ದು, ಅಷ್ಟೆ. ಕಲಿತದ್ದು ಶಿಸ್ತು.

ಚಕ್ರ ಬದಲಿಸುವವನಿಗೆ ಹೃದಯದ ಬಗ್ಗೆ ಏನು ಗೊತ್ತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಏನೂ ಗೊತ್ತಿಲ್ಲ, ಸರಿಯೇ. ಹೊಲಿಗೆ ಹೇಗೆ ಹಾಕಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ನನ್ನ ಪಾಲಿನ ಕೆಲಸದ ಕೊರತೆ ನನಗೆ ಕಾಣುತ್ತದೆ, ನಿಮ್ಮ ಪಾಲಿನದು ನಿಮಗೆ. ಎರಡು ಪಾಲು ಕೂಡುವ ಜಾಗದ ಬಿರುಕು ಕಾಣುವುದು ಯಾವ ಪಾಲೂ ಇಲ್ಲದವನಿಗೆ. ಇನ್ನೊಂದು ಮಾತು: ಲಂಡನ್ನಿನವರು ಅಭಿಪ್ರಾಯ ಕೇಳಲಿಲ್ಲ, ಕೆಲಸವನ್ನೇ ತೋರಿಸಿದರು. ತಪಾಸಣೆಯವರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿದು, ರಿಜಿಸ್ಟರು ತಿದ್ದಿ ಇಡುವ ನಾವು ಯಾರಿಗೂ ಕೆಲಸವನ್ನು ತೋರಿಸುವುದೇ ಇಲ್ಲ.

ಫೆರಾರಿ ನಮಗೆ ಸಿಗಲಾರದು, ಬೇಕೂ ಇಲ್ಲ. ನಮ್ಮ ರೈಲು ನಿಲ್ದಾಣಗಳಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್ ಪಕ್ಕದ ನಿಲ್ದಾಣದವರಿಂದ ಫೋನಿನಲ್ಲಿ ಲೈನ್ ಕ್ಲಿಯರ್, ಅಂದರೆ ರೈಲು ಕಳಿಸಲು ಒಪ್ಪಿಗೆ, ಪಡೆಯುವಾಗ ಬರೀ ‘ಆಯ್ತು ಸಾರ್’ ಸಾಲದು. ಒಪ್ಪಿಗೆಯ ಗುರುತಾಗಿ ಪ್ರೈವೇಟ್ ನಂಬರ್ ಹೇಳಬೇಕು, ಅದನ್ನು ಬರೆದಿಟ್ಟುಕೊಳ್ಳಬೇಕು. ಅಂಥವರೊಬ್ಬರು ನಮ್ಮ ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ವಾರ್ಡಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಏನು ಹೇಳಿಯಾರು? ರೋಗಿಯ ಕಡೆಯವರಂತೂ ದಿನವಿಡೀ ಅಲ್ಲೇ ಇರುತ್ತಾರೆ. ಮಾತ್ರೆ 1-0-1 ಎಂದು ಬರೆದು ಕೊಡುತ್ತೇವಲ್ಲ, ಹಾಗೆಂದರೇನೆಂದು ಅವರಿಂದಲೇ ಒಮ್ಮೆ ಹೇಳಿಸಿ ನೋಡಿ.

ರೋಗಿಯ ಗುಟ್ಟು ಕಾಯುವ ಹೊಣೆ ಇದ್ದೇ ಇದೆ. ಹೊರಗಿನವರನ್ನು ಕರೆಯುವಾಗ ರೋಗಿಯ ಒಪ್ಪಿಗೆ ಬೇಕು. ಆ ನಿಯಮಗಳನ್ನು ಕೂತು ಬರೆಯೋಣ.

ಮುಂದಿನ ಸಮ್ಮೇಳನದ ಒಂದು ಗೋಷ್ಠಿಯನ್ನು ವೈದ್ಯರಲ್ಲದವರೇ ನಡೆಸಲಿ, ಅದಕ್ಕೆ ಮೊದಲು ಅವರು ನಮ್ಮ ವಾರ್ಡುಗಳಲ್ಲಿ ಒಂದು ವಾರ ಕೂತು ನೋಡಲಿ ಎಂಬ ನಿರ್ಣಯವನ್ನು ಮಧ್ಯಾಹ್ನ ಚರ್ಚೆಗೆ ಇಡುತ್ತಿದ್ದೇನೆ. ವಿರೋಧವಿದ್ದವರು ಊಟಕ್ಕೆ ಮೊದಲೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ.