ಹಾವು ಕಚ್ಚಿದಾಗ ಮೊದಲು ಗಡಿಯಾರ ನೋಡಿ



ದೆಹಲಿಗೆ ಮಳೆ ಬಂತೆಂದರೆ ನಮಗೆಲ್ಲ ಊರಿನ ನೆನಪು. ಬಿಸಿ ಪಕೋಡ, ಚಹಾ, ರೇಡಿಯೋದಲ್ಲೊಂದು ಹಳೆಯ ಹಾಡು. ಆದರೆ ಇದೇ ಮಳೆಗೆ ಬಿಲದೊಳಗೆ ನೀರು ನುಗ್ಗಿ, ಇನ್ನೊಂದು ಜೀವವೂ ಒಣ ಜಾಗ ಹುಡುಕುತ್ತಾ ಹೊರಗೆ ಬರುತ್ತದೆ. ಹೌದು, ಇವತ್ತಿನ ಮಾತು ಹಾವಿನ ಬಗ್ಗೆ. 'ದೆಹಲಿಯಲ್ಲಿ ಎಂಥ ಹಾವು ಮಾರಾಯ್ರೇ' ಎಂದು ನಗಬೇಡಿ. ಯಮುನೆಯ ದಂಡೆ, ಅರಾವಳಿಯ ಕುರುಚಲು ಕಾಡು, ನೋಯ್ಡಾ ಮತ್ತು ಗುರ್‌ಗಾಂವ್‌ನಲ್ಲಿ ಹೊಲ ಮುಚ್ಚಿ ಎದ್ದ ಬಡಾವಣೆಗಳು, ಇವೆಲ್ಲ ಮೊದಲು ಅವುಗಳ ಮನೆಯೇ ಆಗಿದ್ದವು. 2023ರ ಜುಲೈನಲ್ಲಿ ಯಮುನೆ 208.66 ಮೀಟರ್ ಮುಟ್ಟಿದಾಗ ದಂಡೆಯ ಜನ ರಸ್ತೆಬದಿಯ ಟೆಂಟುಗಳಿಗೆ ಬಂದರು. ಹಾವುಗಳೂ ಬಂದವು.

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನ ಹೆಂಡತಿ ನೆಲದ ಮೇಲೆ ಮಲಗಿದ್ದವಳು ರಾತ್ರಿ ಎರಡು ಗಂಟೆಗೆ ಹೊಟ್ಟೆನೋವೆಂದು ಎದ್ದಳು. ಗಾಯವಿಲ್ಲ, ಬಾವಿಲ್ಲ. ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗಿನ ಜಾವಕ್ಕೆ ಅವಳಿಗೆ ಕಣ್ಣಿನ ರೆಪ್ಪೆ ಎತ್ತಲಾಗಲಿಲ್ಲ, ಮಾತು ತೊದಲಿತು. ಎರಡನೆಯ ಕಡೆ 'ಹಾವಿರಬಹುದು, ಆದರೆ ನಮ್ಮಲ್ಲಿ ಔಷಧ ಇಲ್ಲ' ಎಂದರು. ಮೂರನೆಯದಾಗಿ ಹೋದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಸಿಕ್ಕಿತು, ಬದುಕಿದಳು. ಕಾರು ಓಡಿಸಿದವನು ನಾನೇ. ಇಷ್ಟು ವರ್ಷ ಈ ಊರಿನಲ್ಲಿದ್ದೂ ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿರಲಿಲ್ಲ.

ಅವಳಿಗೆ ಕಚ್ಚಿದ್ದು ಕಟ್ಟುಹಾವು, ಇಲ್ಲಿಯವರ ಬಾಯಲ್ಲಿ ಕರೈತ್. ರಾತ್ರಿ ಹೊತ್ತು ಓಡಾಡುವ ಇದು ನೆಲದಲ್ಲಿ ಮಲಗಿದವರನ್ನು ಕಚ್ಚುವುದೇ ಹೆಚ್ಚು. ನೋವು ಕಡಿಮೆ, ಗುರುತು ಕಾಣದೇ ಇರಬಹುದು. ಇದರ ವಿಷ ನರಗಳ ತುದಿಯನ್ನು ಕೆಡಿಸುತ್ತದೆ. ಒಮ್ಮೆ ಕೆಟ್ಟ ಮೇಲೆ ಔಷಧ ಕೊಟ್ಟರೂ ತಕ್ಷಣ ಸರಿಹೋಗದು, ದಿನಗಟ್ಟಲೆ ಯಂತ್ರದ ಉಸಿರೇ ಗತಿ. ಅದಕ್ಕೇ ಹೇಳಿದ್ದು, ಗಡಿಯಾರ ನೋಡಿ ಎಂದು.

ಹಾವಿನ ವಿಷಕ್ಕೆ ನಿಜವಾದ ಔಷಧ ಒಂದೇ, ಆಂಟಿವೆನಮ್. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಇದನ್ನು ತಯಾರಿಸುತ್ತಾರೆ. ಬೇಕಾದ ವಿಷದ ಬಹುಪಾಲು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಶುರುವಾದ ಸಂಘ ಅದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ. ಹಾಗಾಗಿ ಹಾವನ್ನು ಹಿಡಿದು ಡಾಕ್ಟರಿಗೆ ತೋರಿಸಬೇಕಾಗಿಲ್ಲ. ಮಗುವಿಗೂ ದೊಡ್ಡವರಷ್ಟೇ ಡೋಸು, ಏಕೆಂದರೆ ಔಷಧ ಹೋರಾಡುವುದು ಒಳಹೊಕ್ಕ ವಿಷದ ಜತೆ, ಮೈತೂಕದ ಜತೆಯಲ್ಲ. ಅದಕ್ಕೂ ಮಿತಿಗಳಿವೆ. ಊರಿಂದೂರಿಗೆ ವಿಷದ ಗುಣ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ತಂಡ ತೋರಿಸಿದೆ. ಕೆಲವರಿಗೆ ಈ ಔಷಧವೇ ಅಲರ್ಜಿ ತರುತ್ತದೆ. ಆದ್ದರಿಂದ ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು.

ಇಷ್ಟಿದ್ದೂ ಜನ ಸಾಯುವುದೇಕೆ? 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಮಂದಿ ಹಾವು ಕಚ್ಚಿ ಸತ್ತಿದ್ದಾರೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೆಚ್ಚಿನವರು ಆಸ್ಪತ್ರೆಯ ಹೊರಗೇ ಸತ್ತವರು. ಅಂದರೆ ಔಷಧ ಇಲ್ಲವೆಂದಲ್ಲ, ಔಷಧವೂ ರೋಗಿಯೂ ಸೇರಲಿಲ್ಲ.

ನಮ್ಮ ಕರ್ನಾಟಕ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಎಲ್ಲಿ ಎಷ್ಟು ಕಡಿತ ಎಂಬ ಲೆಕ್ಕ ಸಿಕ್ಕರೆ ತಾನೇ ಅಲ್ಲಿಗೆ ಔಷಧ ಕಳಿಸಲು ಸಾಧ್ಯ? ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆ ಹೊರಡಿಸಿತು. 15400 ಎಂಬ ಸಹಾಯವಾಣಿಗೆ ಮೊದಲು ಆರಿಸಿದ ಐದು ಕಡೆಗಳಲ್ಲಿ ದೆಹಲಿಯೂ ಒಂದು.

ಈಗ ನಿಮ್ಮ ಪಾಲಿನ ಕೆಲಸ. ಊರಿನಿಂದ ರಾತ್ರಿ ಫೋನು ಬರುತ್ತದೆ, 'ಅಪ್ಪನಿಗೆ ತೋಟದಲ್ಲಿ ಏನೋ ಕಚ್ಚಿದೆ, ಏನು ಮಾಡೋಣ' ಎಂದು. ಎರಡು ಸಾವಿರ ಕಿಲೋಮೀಟರ್ ದೂರದಿಂದ ಏನು ಹೇಳುತ್ತೀರಿ? ಇಷ್ಟು ಹೇಳಿ. ಧೈರ್ಯ ಕೊಡಿ. ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ಇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಿಗೆ, ಮಂತ್ರಕ್ಕೆ ಕಾಯಬೇಡಿ. ನಡೆಸಬೇಡಿ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಹೊರಡುವಾಗಲೇ ಆಸ್ಪತ್ರೆಗೆ ಫೋನು ಮಾಡಿ, ಆಂಟಿವೆನಮ್ ಇದೆಯೇ ಕೇಳಿ. ಈ ಕೊನೆಯ ಕೆಲಸವನ್ನು ದೆಹಲಿಯಲ್ಲಿ ಕುಳಿತೇ ನೀವು ಮಾಡಬಹುದು.

ಇಲ್ಲಿ ಆದರೆ 112 ಇದೆ. ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117 ಇದೆ. ಕೆಲಸದವರಿಗೆ, ಕಾವಲುಗಾರರಿಗೆ ಮಂಚ ಮತ್ತು ಸೊಳ್ಳೆಪರದೆ ಕೊಡಿಸಿ. ಎರಡೂ ಸೇರಿ ಕಟ್ಟುಹಾವನ್ನು ಬಹುಮಟ್ಟಿಗೆ ದೂರವಿಡುತ್ತವೆ.

ನಾಗರಪಂಚಮಿಗೆ ನಾಗಪ್ಪನಿಗೆ ತನಿ ಎರೆಯುವ ಜನ ನಾವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ನಮ್ಮದೇ. ಅದಕ್ಕೆ ಇನ್ನೊಂದು ಸೇರಿಸೋಣ, ಮನುಷ್ಯನೂ ಸಾಯಬಾರದು. ಇವತ್ತು ಮಲಗುವ ಮುನ್ನ ಎರಡು ಫೋನು ಮಾಡಿ. ಒಂದು, ನಿಮ್ಮ ಮನೆಗೆ ಹತ್ತಿರದ ದೊಡ್ಡ ಆಸ್ಪತ್ರೆಗೆ. ಇನ್ನೊಂದು, ಊರಿನ ತಾಲ್ಲೂಕು ಆಸ್ಪತ್ರೆಗೆ. ಎರಡೂ ಕಡೆ ಕೇಳಬೇಕಾದದ್ದು ಆಂಟಿವೆನಮ್ ಇದೆಯೇ, ವೆಂಟಿಲೇಟರ್ ಇದೆಯೇ ಎಂಬ ಎರಡೇ ಪ್ರಶ್ನೆ. ಉತ್ತರವನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಮ್ಮ ಮನೆಯಲ್ಲಿ ಆ ಚೀಟಿ ಇದೆ. ಆ ರಾತ್ರಿ ಇರಲಿಲ್ಲ.

ಮತ್ತೆ ಸಿಗೋಣ. ಜೋಪಾನ.