ಸಹನೆಯೆಂದರೆ ಮೌನವಲ್ಲ

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ಕುಟುಂಬಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಮನೆಯಲ್ಲಿ ಮಗು ಜನಿಸಿದೊಡನೆ ನಾವು ಅದರ ಕಿವಿಯಲ್ಲಿ ಅಝಾನ್ ಹೇಳುತ್ತೇವೆ, ಸಿಹಿ ಹಂಚುತ್ತೇವೆ. ಆದರೆ ಹುಟ್ಟಿದಾಗ ಅಳದ ಮಗು, ಒಂದು ಕೈಯನ್ನು ಎತ್ತಲಾಗದ ಮಗು, ಬೆನ್ನುಹುರಿಯ ದೋಷವಿರುವ ಮಗು ಮನೆಗೆ ಬಂದಾಗ ಏನು ನಡೆಯುತ್ತದೆ? ಮೊದಲು ಎಲ್ಲರ ಬೆರಳು ತಾಯಿಯತ್ತ ತಿರುಗುತ್ತದೆ. ಬಳಿಕ ತಾಯಿತಗಳ ಸರದಿ. ಕೈಯಲ್ಲಿದ್ದ ಬಂಗಾರ ಕರಗಿದ ಮೇಲೆ 'ಅಲ್ಲಾಹನ ಇಚ್ಛೆ' ಎಂದು ಹೇಳಿ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಆ ಮುಚ್ಚಿದ ಬಾಗಿಲಿನ ಹಿಂದೆ ಒಂದು ಮಗು ಮತ್ತು ಒಬ್ಬ ತಾಯಿ ಉಳಿದುಬಿಡುತ್ತಾರೆ.

ಅಲ್ಲಾಹನ ಇಚ್ಛೆಯನ್ನು ಒಪ್ಪುವುದು ನಮ್ಮ ವಿಶ್ವಾಸದ ಭಾಗ. ಆದರೆ ಮನುಷ್ಯನ ತಪ್ಪನ್ನು ಅಲ್ಲಾಹನ ಇಚ್ಛೆಯ ಹೆಸರಿನಲ್ಲಿ ಮುಚ್ಚಿಹಾಕಲು ಯಾವ ವಿಶ್ವಾಸವೂ ಕಲಿಸುವುದಿಲ್ಲ. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ತಿಳಿದಿದೆ. ಅಂಧರಾಗಿದ್ದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ)ರನ್ನು ಅವರು ಅಝಾನ್ ಹೇಳುವ ಹೊಣೆಗೆ ನೇಮಿಸಿದರು. ತಾವು ಪ್ರಯಾಣ ಹೊರಟಾಗ ಮದೀನಾದ ಉಸ್ತುವಾರಿಯನ್ನೂ ವಹಿಸಿದರು. ಅಂಗವೈಕಲ್ಯವುಳ್ಳವರನ್ನು ಸಮಾಜದ ನಡುವೆ ನಿಲ್ಲಿಸುವುದು ನಮ್ಮ ಪರಂಪರೆಯೇ ಹೊರತು ಮೂಲೆಗೆ ತಳ್ಳುವುದಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಹೆರಿಗೆಯ ಸಮಯದಲ್ಲಿ ಆಗುವ ಹಾನಿ ಬೇರೆ, ಜನ್ಮಜಾತ ದೋಷ ಬೇರೆ. ಹೆರಿಗೆ ವಿಳಂಬವಾಗಿ ಮಗುವಿನ ಮೆದುಳಿಗೆ ಆಮ್ಲಜನಕ ತಲುಪದಿರುವುದು, ಮಗುವನ್ನು ಹೊರತೆಗೆಯುವಾಗ ಭುಜದ ನರಗಳಿಗೆ ಪೆಟ್ಟಾಗುವುದು ಮೊದಲ ಬಗೆ. ಇವುಗಳಲ್ಲೂ ಕೆಲವನ್ನು ಎಷ್ಟು ಎಚ್ಚರ ವಹಿಸಿದರೂ ತಪ್ಪಿಸಲಾಗದು. ಕೆಲವು ನಿರ್ಲಕ್ಷ್ಯದಿಂದ ಆಗುತ್ತವೆ. ಎರಡನೆಯ ಬಗೆಗೆ ಆನುವಂಶಿಕತೆ, ಪೌಷ್ಟಿಕತೆಯ ಕೊರತೆ, ಸೋಂಕು, ವಿಷ ವಸ್ತುಗಳು ಕಾರಣವಾಗಬಹುದು. ಎಷ್ಟೋ ಬಾರಿ ಕಾರಣವೇ ತಿಳಿಯುವುದಿಲ್ಲ. ರಕ್ತಸಂಬಂಧದ ವಿವಾಹವು ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಧರ್ಮವು ಅದನ್ನು ಅನುಮತಿಸಿದೆ, ಕಡ್ಡಾಯಗೊಳಿಸಿಲ್ಲ. ಆದ್ದರಿಂದ ಎಲ್ಲ ಪ್ರಕರಣಗಳಲ್ಲೂ ವೈದ್ಯರನ್ನು ಅಪರಾಧಿಯಾಗಿಸುವುದು ಅನ್ಯಾಯ. ಆದರೆ ವಿಚಾರಿಸದೆಯೇ ಸುಮ್ಮನಾಗುವುದು ಮಗುವಿಗೆ ಮಾಡುವ ಅನ್ಯಾಯ.

ಸುಮ್ಮನಾಗದವರ ಕಥೆಯೊಂದು ಕನ್ನಡದ ನೆಲದಲ್ಲೇ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಪರಿಸರದಲ್ಲಿ ವೈದ್ಯ ವೈ.ಎಸ್. ಮೋಹನ್ ಕುಮಾರ್ ಅವರು ತಮ್ಮ ಬಳಿಗೆ ಬರುತ್ತಿದ್ದ ರೋಗಿಗಳಲ್ಲಿ ಅಸಹಜವಾದುದನ್ನು ಗುರುತಿಸಿ ದಾಖಲಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಜಗತ್ತಿಗೆ ತಿಳಿಸಿದರು. ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. 2011ರ ಮೇ 13ರಂದು ಸುಪ್ರೀಮ್ ಕೋರ್ಟು ಈ ವಿಷದ ತಯಾರಿ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ನೀಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಮುಂದೇನಾಯಿತು? ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ ಇದೇ ವಿಷಯ ಮತ್ತೆ ಸುಪ್ರೀಮ್ ಕೋರ್ಟಿನ ಮುಂದೆ ಬಂದಾಗ, 3,704 ಸಂತ್ರಸ್ತರ ಪೈಕಿ ಪರಿಹಾರ ಸಿಕ್ಕಿದ್ದು ಕೇವಲ 8 ಮಂದಿಗೆ ಎಂಬುದು ಬಯಲಾಯಿತು. ಆ ಎಂಟು ಮಂದಿ ಯಾರು? ಆದೇಶ ಪಾಲನೆಯಾಗಿಲ್ಲವೆಂದು ಮತ್ತೆ ನ್ಯಾಯಾಲಯದ ಬಾಗಿಲು ಬಡಿದವರು. ದೇಶದ ಅತ್ಯುನ್ನತ ನ್ಯಾಯಾಲಯದ ಆದೇಶವೂ ಕೇಳುವವರಿಲ್ಲದಿದ್ದರೆ ಕಡತದಲ್ಲೇ ಮಲಗುತ್ತದೆ. ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಂಡ ನಂತರವಷ್ಟೇ ಉಳಿದವರಿಗೆ ಹಣ ಹಂಚುವ ಕೆಲಸ ವೇಗ ಪಡೆಯಿತು. ಈ ಪಾಠ ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಊರುಗಳಿಗೂ ಅನ್ವಯಿಸುತ್ತದೆ. ನಮ್ಮ ಭತ್ತದ ಗದ್ದೆಗಳಿಗೂ ಔಷಧಿ ಹೊಡೆಯುತ್ತೇವೆ. ಅಧ್ಯಯನವಿಲ್ಲದೆ ಯಾವ ಮಗುವಿನ ಸ್ಥಿತಿಗೂ ಅದನ್ನು ಕಾರಣವೆನ್ನಲಾಗದು. ಆದರೆ ಗರ್ಭಿಣಿಯರನ್ನು ಅದರಿಂದ ದೂರವಿರಿಸಲು ಯಾವ ನ್ಯಾಯಾಲಯದ ಆದೇಶವೂ ಬೇಕಿಲ್ಲ.

ಆಸ್ಪತ್ರೆಯಲ್ಲಿ ಆಗುವ ತಪ್ಪಿನ ವಿಷಯಕ್ಕೆ ಬರೋಣ. 1996ರಲ್ಲಿ ಚೆನ್ನೈಯ ಎಗ್ಮೋರ್ ಸರಕಾರಿ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಮಗು ಅವಧಿಗೆ ಮುನ್ನ ಜನಿಸಿತು. ಅಂತಹ ಶಿಶುಗಳ ಕಣ್ಣಿನ ಅಕ್ಷಿಪಟಲವನ್ನು ಸಕಾಲದಲ್ಲಿ ಪರೀಕ್ಷಿಸಬೇಕಿತ್ತು. ಪರೀಕ್ಷೆ ನಡೆಯಲಿಲ್ಲ, ಹೆತ್ತವರಿಗೆ ಎಚ್ಚರಿಕೆಯನ್ನೂ ನೀಡಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. ತಂದೆ ಹೋರಾಡಿದರು. 2015ರ ಜುಲೈ 1ರಂದು ಸುಪ್ರೀಮ್ ಕೋರ್ಟು ತಮಿಳುನಾಡು ಸರಕಾರವನ್ನೂ ಹೊಣೆಯಾಗಿಸಿ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಆ ತಂದೆಯ ಕೈಯಲ್ಲಿದ್ದ ಆಯುಧ ಆಸ್ಪತ್ರೆಯ ಕಾಗದಗಳು.

ಆದುದರಿಂದ ನಮ್ಮ ಮೊದಲ ಕರ್ತವ್ಯ ಕಾಗದಗಳನ್ನು ಕಾಯುವುದು. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಬೇರೆ ಆಸ್ಪತ್ರೆಗೆ ಕಳುಹಿಸಿದ ಚೀಟಿ, ಡಿಸ್ಚಾರ್ಜ್ ಪತ್ರ, ಔಷಧಿ ಬಿಲ್ಲು ಇವೆಲ್ಲ ಒಂದೇ ಚೀಲದಲ್ಲಿರಲಿ. ಕೇಸ್ ಶೀಟಿನ ಪ್ರತಿಯನ್ನು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ನೀಡಬೇಕೆಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ಹೇಳುತ್ತವೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತಿದ್ದರಿಂದಲೇ ಇತರ ಶಾಸನಗಳ 'ದೇವಾನಾಂಪ್ರಿಯ' ಯಾರೆಂಬುದು ದೃಢಪಟ್ಟಿತು. ಬರೆದಿಟ್ಟದ್ದು ಮಾತನಾಡುತ್ತದೆ ಎಂಬುದಕ್ಕೆ ನಮ್ಮೂರಿನ ಕಲ್ಲೇ ಸಾಕ್ಷಿ.

ಎರಡನೆಯದು, ಕಾಲಮಿತಿ. ಹಣ ಪಾವತಿಸಿ ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷಗಳೊಳಗೆ ದೂರು ನೀಡಬೇಕು. ತಡವಾದರೆ ಸೂಕ್ತ ಕಾರಣವನ್ನು ಆಯೋಗಕ್ಕೆ ಮನವರಿಕೆ ಮಾಡಬೇಕಾಗುತ್ತದೆ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ನೀಡಬಹುದು. ಹೆರಿಗೆ ಬೇರೆ ಜಿಲ್ಲೆಯಲ್ಲಾಗಿದ್ದರೂ ರಾಯಚೂರಿನಲ್ಲಿ ಸಲ್ಲಿಸಲು ಅಡ್ಡಿಯಿಲ್ಲ. ಆಸ್ಪತ್ರೆಗೆ ಕಟ್ಟಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಮಗುವಿಗಾದ ಹಾನಿಗೆ ಮಾತ್ರವಲ್ಲ, ಹೆತ್ತವರ ಮಾನಸಿಕ ಯಾತನೆಗೂ ಪರಿಹಾರವಿದೆಯೆಂದು ಸುಪ್ರೀಮ್ ಕೋರ್ಟು 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 1995ರ ತೀರ್ಪು ಹೇಳಿದೆ. ಕೆಲವರಿಂದ ಹಣ ಪಡೆಯುವ ಆಸ್ಪತ್ರೆಯಾದರೆ ಉಚಿತ ಚಿಕಿತ್ಸೆ ಪಡೆದವರೂ ದೂರು ನೀಡಬಹುದು. ಉಳಿದವರಿಗೆ ಸಿವಿಲ್ ನ್ಯಾಯಾಲಯವೂ ಕಲಬುರಗಿಯ ಹೈಕೋರ್ಟು ಪೀಠವೂ ಇವೆ.

ಮೂರನೆಯದು, ವಕೀಲರ ಶುಲ್ಕದ ಭಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು ಮತ್ತು ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಅವರಿಗೆ ಆದಾಯದ ಮಿತಿಯಿಲ್ಲ. ಸಿಂಧನೂರು ಮತ್ತು ಲಿಂಗಸುಗೂರಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳನ್ನು ಭೇಟಿಯಾಗಬಹುದು; 15100 ಸಂಖ್ಯೆಗೆ ಕರೆ ಮಾಡಬಹುದು. ಪ್ರಕರಣದಲ್ಲಿ ಮತ್ತೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಬಹಳ ಮುಖ್ಯ; ಅದನ್ನು ಮೊದಲೇ ಪಡೆಯಿರಿ.

ಕೋಪದಲ್ಲಿ ಆಸ್ಪತ್ರೆಯ ಗಾಜು ಒಡೆಯುವ ಯುವಕರಿಗೆ ಒಂದು ಮಾತು. ಅದು ಕರ್ನಾಟಕದ 2009ರ ಕಾನೂನಿನಂತೆ ಅಪರಾಧ. ಗಾಜು ಒಡೆದ ದಿನವೇ ಸಂತ್ರಸ್ತರು ಆರೋಪಿಗಳಾಗುತ್ತಾರೆ.

ಯಾರ ತಪ್ಪೂ ಇಲ್ಲದಿದ್ದರೂ ಮಗುವಿನ ಹಕ್ಕು ಉಳಿದೇ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮೆದುಳಿನ ಪಾರ್ಶ್ವವಾಯು ಅವುಗಳಲ್ಲೊಂದು. ಯುಡಿಐಡಿ ಗುರುತಿನ ಚೀಟಿ, ಮಾಸಾಶನ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಇವು ಭಿಕ್ಷೆಯಲ್ಲ. ಇದಕ್ಕಾಗಿ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು.

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೆ ಒಂದು ವಿನಂತಿ. ಸಾವಿನ ಮನೆಗೆ ನಾವು ಕರೆಯದೆಯೇ ಹೋಗುತ್ತೇವೆ. ಇಂತಹ ಮಗುವಿರುವ ಮನೆಗೂ ಹಾಗೆಯೇ ಹೋಗೋಣ. ಪ್ರತಿ ಮಸೀದಿಯಲ್ಲಿ ಇಬ್ಬರು ವಿದ್ಯಾವಂತರು, ಅವರಲ್ಲೊಬ್ಬ ಮಹಿಳೆ, ಕಾಗದಗಳನ್ನು ಜೋಡಿಸಿಕೊಡುವ ಮತ್ತು ರಾಯಚೂರಿಗೆ ಜೊತೆಗೆ ಹೋಗುವ ಹೊಣೆ ಹೊರಲಿ. ಬಸ್ಸಿನ ಖರ್ಚು ಬೈತುಲ್‌ಮಾಲ್‌ನಿಂದ ಬರಲಿ. ನೆರೆಯ ಹಿಂದೂ, ದಲಿತ ಕುಟುಂಬಗಳಿಗೂ ಈ ಸೇವೆ ಸಿಗಲಿ. ನೋವಿಗೆ ಜಾತಿಯಿಲ್ಲ. ತಾಯಿಯನ್ನು ದೂಷಿಸುವ ನಾಲಗೆಗಳನ್ನು ಖುತ್ಬಾದಲ್ಲಿ ತಿದ್ದೋಣ.

ಆ ಮಗು ನಮ್ಮ ಕೈಯಲ್ಲಿರುವ ಅಮಾನತ್ತು. ಅದರ ಪರವಾಗಿ ಏನು ಕೇಳಿದಿರಿ ಎಂಬ ಪ್ರಶ್ನೆಗೆ ನಾವು ನಾಳೆ ಉತ್ತರಿಸಬೇಕಿದೆ. ಅಂದು ತಲೆ ತಗ್ಗಿಸದಂತೆ ಅಲ್ಲಾಹನು ನಮಗೆ ಇಂದೇ ಧೈರ್ಯವನ್ನು ನೀಡಲಿ. ಆಮೀನ್.