ನಮ್ಮೂರಿನ ಮಾಲು ನಮ್ಮೂರಲ್ಲೇ ಆಗಲಿ
(ರಜತ ಮಹೋತ್ಸವದ ಸಭೆಯಲ್ಲಿ ಆಡಿದ ಮಾತು)



ರಾಜ್ಯದ ಕಾರ್ಖಾನೆಗಳಿಗೆ ನಾವು ಕೊಟ್ಟದ್ದು ಕಡಿಮೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಸಾಗರ, ಹೊಸನಗರ ಸೀಮೆಯ ಎಷ್ಟೋ ಗದ್ದೆ, ತೋಟ, ಮನೆ ಮುಳುಗಿದವು. ಶರಾವತಿಯ 1035 ಮೆಗಾವಾಟ್ ವಿದ್ಯುತ್ತು ತಂತಿ ಹಿಡಿದು ದೂರ ಹೋಯಿತು. ಕೆಲಸ ಹುಡುಕಿ ನಮ್ಮ ಹುಡುಗರೂ ಅದರ ಹಿಂದೆಯೇ ಹೋದರು.

ಅಡಿಕೆಯದೂ ಇದೇ ಕಥೆ. ತೀರ್ಥಹಳ್ಳಿ ಸೇರಿ ಮೂರೂ ತಾಲ್ಲೂಕಿನವರು ಸುಲಿದು, ಬೇಯಿಸಿ, ಒಣಗಿಸಿ ಮೂಟೆ ಕಟ್ಟಿ ಕಳಿಸ್ತೇವೆ. ಮುಂದೆ ಮಾಲು ಮಾಡಿದವರಿಗೆ ಲಾಭ. ತೋಟದಲ್ಲಿ ಬಿದ್ದ ಹಾಳೆ ಬಿಸಿ ಅಚ್ಚಿಗೆ ಸಿಕ್ಕರೆ ತಟ್ಟೆ. ಅಪ್ಪೆಮಿಡಿ ಉಪ್ಪಿಗೆ ಬಿದ್ದರೆ ವರ್ಷವಿಡೀ ವ್ಯಾಪಾರ. ಯಂತ್ರ ಒಬ್ಬನಿಗೆ ಭಾರ, ಸಂಘಕ್ಕಲ್ಲ.

25 ವರ್ಷ ಸಾಲ ಕೊಟ್ಟೆವು, ವಸೂಲು ಮಾಡಿದೆವು. ಇನ್ನು ಮಾಲು ತಯಾರಿಸೋಣ. ಹೋದ ಹುಡುಗರಲ್ಲಿ ನಾಲ್ವರಾದರೂ ತಿರುಗಿ ಬರಲಿ.